ತೂಕ ಸರಿಯಿದೆ, ಹೊಟ್ಟೆ ಸರಿಯಿಲ್ಲ

ಸೊಂಟದ ಸುತ್ತಳತೆಯನ್ನು ಎಲ್ಲಿ ಅಳೆಯಬೇಕು ಎಂದು ಕೇಳಿದರೆ ಹೆಚ್ಚಿನ ಗಂಡಸರು ಪ್ಯಾಂಟು ನಿಲ್ಲುವ ಜಾಗವನ್ನು ತೋರಿಸುತ್ತಾರೆ. ಹೊಟ್ಟೆ ಬಂದಂತೆಲ್ಲ ಪ್ಯಾಂಟು ಅದರ ಕೆಳಗೆ ಜಾರುತ್ತಾ ಹೋಗುವುದರಿಂದ ವರ್ಷಗಟ್ಟಲೆ ಒಂದೇ ಅಳತೆಯ ಪ್ಯಾಂಟು ಹಿಡಿಸುತ್ತದೆ, ಮನಸ್ಸಿಗೂ ಸಮಾಧಾನವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಜಾಗ ಬೇರೆ: ಕೈಗೆ ಸಿಗುವ ಕೊನೆಯ ಪಕ್ಕೆಲುಬಿನ ಕೆಳಗಿನ ಅಂಚು, ಸೊಂಟದ ಮೂಳೆಯ ಮೇಲಿನ ಅಂಚು, ಇವೆರಡರ ನಟ್ಟನಡುವೆ. ನೆಟ್ಟಗೆ ನಿಂತು, ಸಹಜವಾಗಿ ಉಸಿರು ಹೊರಬಿಟ್ಟ ಕೊನೆಯಲ್ಲಿ, ಅಳತೆ ಪಟ್ಟಿಯನ್ನು ನೆಲಕ್ಕೆ ಸಮಾಂತರವಾಗಿ ಹಿಡಿದು, ಬಿಗಿಯದೆ ಅಳೆಯಬೇಕು. ಹಾಗೆ ಅಳೆದಾಗ ನನ್ನ ಸುತ್ತಳತೆ 96 ಸೆಂಟಿಮೀಟರ್ ಬಂತು. ನನ್ನ ಎತ್ತರ 170. ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು ಎಂಬುದು ಯಾರು ಬೇಕಾದರೂ ನೆನಪಿಡಬಹುದಾದ ಸೂತ್ರ. ನನಗೆ ಅದು 85.

ಆದರೆ ನಾನು ದಪ್ಪಗಿರಲಿಲ್ಲ. ತೂಕ 71 ಕಿಲೋ, ದೇಹ ದ್ರವ್ಯರಾಶಿ ಸೂಚ್ಯಂಕ, ಅಂದರೆ ತೂಕ ಎತ್ತರಕ್ಕೆ ತಕ್ಕಂತಿದೆಯೇ ಎಂದು ಹೇಳುವ, ಎಲ್ಲರೂ ಬಿಎಂಐ ಎನ್ನುವ ಸಂಖ್ಯೆ, 24.6. ಆರೋಗ್ಯವಂತರ ಪಟ್ಟಿಯ ಅಂಚಿನಲ್ಲಿ, ಆದರೂ ಪಟ್ಟಿಯ ಒಳಗೇ. ಕೈಕಾಲು ಸಪೂರ, ಮುಖ ಸಪೂರ, ನಡುವೆ ಮಾತ್ರ ಈ ಗುಡಾಣ. ಅಂಗಿ ಸಡಿಲವಾಗಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಗೊತ್ತಾಗಿದ್ದು ರಕ್ತಪರೀಕ್ಷೆಗೆ. ರಕ್ತದಲ್ಲಿ ಹರಿಯುವ ಕೊಬ್ಬು, ಟ್ರೈಗ್ಲಿಸರೈಡ್, 150ರ ಕೆಳಗಿರಬೇಕಾದದ್ದು 230 ದಾಟಿತ್ತು. ಸ್ಕ್ಯಾನ್ ವರದಿಯಲ್ಲಿ ಯಕೃತ್ತಿನಲ್ಲಿ ಕೊಬ್ಬು ಸೇರಿಕೊಂಡಿದೆ, ಮೊದಲ ಹಂತ ಎಂದು ಬರೆದಿತ್ತು.

"ಔಷಧಿ ಶುರು ಮಾಡಬೇಕೇ ಡಾಕ್ಟರೇ?" ಎಂದು ಕೇಳಿದೆ.

"ಈಗಲೇ ಬೇಡ. ಮೊದಲು ಹೊಟ್ಟೆ ಇಳಿಸಿ, ಆಮೇಲೆ ಇನ್ನೊಮ್ಮೆ ಪರೀಕ್ಷೆ ಮಾಡೋಣ."

"ನನ್ನ ತೂಕ ಸರಿಯಾಗಿಯೇ ಇದೆಯಲ್ಲ?"

"ತೂಕದ ಬಗ್ಗೆ ನಾನು ಮಾತೇ ಆಡಲಿಲ್ಲ" ಎಂದರು ಆಕೆ, ಮತ್ತು ಮೇಜಿನ ಡ್ರಾಯರಿನಿಂದ ಅಳತೆ ಪಟ್ಟಿ ತೆಗೆದರು.

ಬಿಎಂಐ ಸೂತ್ರದ ಮೂಲ 1832ರಷ್ಟು ಹಿಂದಿನದು. ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ ಸರಾಸರಿ ಮನುಷ್ಯನ ಲೆಕ್ಕ ಹಾಕಲು ಹೊರಟಾಗ ಸಿಕ್ಕಿದ್ದು. ಯಾರ ಬೊಜ್ಜನ್ನೂ ಅಳೆಯುವ ಉದ್ದೇಶ ಆತನಿಗಿರಲಿಲ್ಲ. 1972ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಅದಕ್ಕೆ ಈಗಿನ ಹೆಸರು ಕೊಟ್ಟ ಮೇಲೆ ಅದು ವೈದ್ಯರ ಕೋಣೆಗೆ ಬಂತು. ಲಕ್ಷಾಂತರ ಜನರನ್ನು ಒಟ್ಟಿಗೆ ನೋಡುವಾಗ ಅದು ಉಪಯುಕ್ತ. ಒಬ್ಬ ಮನುಷ್ಯನ ದೇಹದಲ್ಲಿ ಎಷ್ಟು ಸ್ನಾಯು, ಎಷ್ಟು ಕೊಬ್ಬು, ಆ ಕೊಬ್ಬು ಎಲ್ಲಿದೆ ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಅದರ ಬಳಿ ಉತ್ತರವಿಲ್ಲ. ನನ್ನಂಥವರು ವರ್ಷಗಟ್ಟಲೆ ಆ ಸಂಖ್ಯೆಯ ಮರೆಯಲ್ಲಿ ಆರಾಮವಾಗಿ ಇದ್ದುಬಿಡಬಹುದು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ ಗಂಡಸರ ಸುತ್ತಳತೆಗೆ ಯುರೋಪಿನವರಿಗಾದರೆ 94, ದಕ್ಷಿಣ ಏಷ್ಯಾದವರಿಗೆ 90 ಸೆಂಟಿಮೀಟರ್ ಎಂಬ ಮಿತಿ ಇಟ್ಟಿದೆ. ಹೆಂಗಸರಿಗೆ ಎರಡೂ ಕಡೆ 80. ನಾನು ಯಾವ ಖಂಡಕ್ಕೆ ಓಡಿಹೋದರೂ ತಪ್ಪಿಸಿಕೊಳ್ಳುವಂತಿರಲಿಲ್ಲ.

ಹೊಟ್ಟೆಯ ಕೊಬ್ಬಿನಲ್ಲಿ ಎರಡು ಬಗೆ. ಬೆರಳಲ್ಲಿ ಹಿಡಿದು ಮಡಚಲು ಬರುವುದು ಚರ್ಮದ ಕೆಳಗಿನದು. ಹೊಟ್ಟೆಯ ಸ್ನಾಯುಗಳ ಗೋಡೆಯ ಆಚೆ, ಕರುಳು ಮತ್ತು ಯಕೃತ್ತಿನ ಸುತ್ತ, ಕರುಳಿನ ಮುಂದೆ ಪರದೆಯಂತೆ ಇಳಿಬಿದ್ದಿರುವ ಪೊರೆಯಲ್ಲಿ ತುಂಬಿಕೊಳ್ಳುವುದು ಇನ್ನೊಂದು. ಒಳಗಿನ ಈ ಕೊಬ್ಬು, ಒಳಗೊಬ್ಬು ಎನ್ನೋಣ, ಕೈಗೆ ಸಿಗುವುದಿಲ್ಲ. ಹೊಟ್ಟೆ ದೊಡ್ಡದಿದ್ದು, ಬಡಿದರೆ ಬಿಗಿಯಾಗಿ ಗಟ್ಟಿಯಾಗಿದ್ದರೆ "ನನ್ನದು ಬೊಜ್ಜಲ್ಲ, ಗಟ್ಟಿ ಹೊಟ್ಟೆ" ಎಂದು ಹೆಮ್ಮೆಪಡುವವರಿದ್ದಾರೆ. ಸ್ನಾಯುವಿನ ಗೋಡೆಯನ್ನು ಒಳಗಿನಿಂದ ತಳ್ಳುತ್ತಿರುವ ಈ ಒಳಗೊಬ್ಬೇ ಹಲವು ಸಲ ಆ ಗಟ್ಟಿತನಕ್ಕೆ ಕಾರಣ. ಕರುಳಿನಿಂದ ರಕ್ತ ಒಯ್ಯುವ ದೊಡ್ಡ ನಾಳ ನೇರವಾಗಿ ಯಕೃತ್ತಿಗೆ ಹೋಗುವುದರಿಂದ ಅಲ್ಲಿ ಬಿಡುಗಡೆಯಾದ ಕೊಬ್ಬಿನಾಮ್ಲಗಳು ಮೊದಲು ಮುಟ್ಟುವುದು ಯಕೃತ್ತನ್ನೇ. ಮಧುಮೇಹ, ಹೃದಯದ ಕಾಯಿಲೆ, ಯಕೃತ್ತಿನ ಕೊಬ್ಬು ಇವುಗಳೊಂದಿಗೆ ಒಳಗೊಬ್ಬಿಗೆ ಹತ್ತಿರದ ನಂಟು. ನನ್ನ ವರದಿಯ ಎರಡು ಕೆಟ್ಟ ಸಾಲುಗಳಿಗೆ ಮೂಲ ಎಲ್ಲಿತ್ತು ಎಂಬುದು ಇಷ್ಟು ಓದಿದ ಮೇಲೆ ಸ್ಪಷ್ಟವಾಯಿತು. ಜೊತೆಗೆ ಒಂದು ಒಳ್ಳೆಯ ಸುದ್ದಿಯೂ ಸಿಕ್ಕಿತು: ತಿನ್ನುವುದು ಕಡಿಮೆಯಾಗಿ ಓಡಾಟ ಹೆಚ್ಚಾದರೆ ಈ ಒಳಗೊಬ್ಬು ಚರ್ಮದಡಿಯದಕ್ಕಿಂತ ಬೇಗ ಕರಗುತ್ತದೆ. ಕನ್ನಡಿಗೆ ಕಾಣದ ಕೊಬ್ಬು ಮೊದಲು ಹೋಗುತ್ತದೆ, ಕಾಣುವುದು ಆಮೇಲೆ. ಮುಂದಿನ ಕೆಲವು ತಿಂಗಳು ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಒಂದು ತಿಳಿವಳಿಕೆಯೇ.

ಹೊಟ್ಟೆ ಇಳಿಸಲು ಹೊರಟಿದ್ದೇನೆ ಎಂದು ಬಾಯಿ ಬಿಟ್ಟರೆ ಸಾಕು, ಸುತ್ತಲಿನವರೆಲ್ಲ ಅಂಗಾತ ಮಲಗಿ ಮೇಲೇಳುವ ವ್ಯಾಯಾಮ ಮಾಡು ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಊಟದ ಬಿಡುವಿನಲ್ಲಿ ಕುರ್ಚಿಯಲ್ಲೇ ಕುಳಿತು ಮಾಡಿ ತೋರಿಸಿದರು. ಇನ್ನೊಬ್ಬರು ಸೊಂಟಕ್ಕೆ ಸುತ್ತಿಕೊಂಡರೆ ಬೆವರು ಹರಿಸುವ ಪಟ್ಟಿಯ ಜಾಹೀರಾತು ಕಳಿಸಿದರು. ಬೆವರು ಎಂದರೆ ಉಪ್ಪು ನೀರು. ಒಂದು ಲೋಟ ನೀರು ಕುಡಿದರೆ ಪಟ್ಟಿಯ ದುಡಿಮೆ ಮುಗಿಯಿತು. ಆದರೆ ಹೊಟ್ಟೆಯ ವ್ಯಾಯಾಮದಿಂದ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂಬ ಮಾತು ಮೇಲುನೋಟಕ್ಕೆ ಎಷ್ಟು ಸರಿಯೆನಿಸುತ್ತದೆಂದರೆ ಅದನ್ನು ಸುಮ್ಮನೆ ತಳ್ಳಿಹಾಕಲು ಮನಸ್ಸು ಬರಲಿಲ್ಲ, ಹುಡುಕಿ ಓದಿದೆ.

1971ರಲ್ಲಿ ಕೆಲವು ಸಂಶೋಧಕರು ಟೆನಿಸ್ ಆಟಗಾರರ ಎರಡೂ ಕೈಗಳನ್ನು ಅಳೆದು ನೋಡಿದ್ದರು. ವರ್ಷಗಟ್ಟಲೆ ರಾಕೆಟ್ ಬೀಸಿದ ಕೈಯಲ್ಲಿ ಸ್ನಾಯು ದಪ್ಪವಾಗಿತ್ತು. ಚರ್ಮದಡಿಯ ಕೊಬ್ಬು ಮಾತ್ರ ದುಡಿದ ಕೈಗೂ ದುಡಿಯದ ಕೈಗೂ ಒಂದೇ. 1984ರ ಇನ್ನೊಂದು ಪ್ರಯೋಗ ನೇರವಾಗಿ ಹೊಟ್ಟೆಯದೇ. ಹದಿಮೂರು ಮಂದಿ ಗಂಡಸರು 27 ದಿನಗಳಲ್ಲಿ ತಲಾ 5004 ಬಾರಿ ಮಲಗಿ ಎದ್ದರು. ಆಮೇಲೆ ಹೊಟ್ಟೆ, ಬೆನ್ನು, ಪೃಷ್ಠ ಮೂರೂ ಕಡೆಯಿಂದ ಕೊಬ್ಬಿನ ಕೋಶಗಳನ್ನು ತೆಗೆದು ನೋಡಿದರೆ ಮೂರೂ ಕಡೆ ಕೋಶಗಳು ಒಂದೇ ಸಮನಾಗಿ ಕುಗ್ಗಿದ್ದವು. ಹೊಟ್ಟೆಗೆ ಯಾವ ವಿಶೇಷ ಮರ್ಯಾದೆಯೂ ಸಿಕ್ಕಿರಲಿಲ್ಲ. ಆ ಐದು ಸಾವಿರದ ಮೇಲಿನ ನಾಲ್ಕನ್ನು ಯಾರು ಎಣಿಸಿದರೋ ಎಂದು ನಾನು ಈಗಲೂ ಯೋಚಿಸುತ್ತೇನೆ.

ಕೊಬ್ಬಿನ ಕೋಶ ತನ್ನ ಸಂಗ್ರಹವನ್ನು ರಕ್ತಕ್ಕೆ ಬಿಡುತ್ತದೆ, ಪಕ್ಕದ ಸ್ನಾಯುವಿಗೆ ಕೈಯಿಂದ ಕೈಗೆ ಕೊಡುವುದಿಲ್ಲ. ರಕ್ತಕ್ಕೆ ಸೇರಿದ ಮೇಲೆ ಅದು ಎಲ್ಲಿ ಬೇಕಾದರೂ ಉರಿಯಬಹುದು. ಉರಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಇನ್ನೂ ಸ್ವಾರಸ್ಯದ ಸಂಗತಿ. 2014ರಲ್ಲಿ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಪರಮಾಣುಗಳ ಲೆಕ್ಕ ಬಿಡಿಸಿ ತೋರಿಸಿದರು: 10 ಕಿಲೋ ಕೊಬ್ಬು ಕರಗಿದರೆ ಅದರಲ್ಲಿ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ, ಉಳಿದ 1.6 ಕಿಲೋ ನೀರಾಗುತ್ತದೆ. ಬೊಜ್ಜು ಹೊರಟುಹೋಗುವ ಬಾಗಿಲು ಮೂಗು. ಹಾಗೆಂದು ಜೋರಾಗಿ ಉಸಿರಾಡಿದರೆ ಪ್ರಯೋಜನವಿಲ್ಲ, ತಲೆ ತಿರುಗುತ್ತದೆ ಅಷ್ಟೆ. ಕೊಬ್ಬು ಉರಿಯಬೇಕಾದ ಅಗತ್ಯ ಮೊದಲು ಹುಟ್ಟಬೇಕು. ಆ ಅಗತ್ಯ ಹುಟ್ಟುವುದು ಖರ್ಚಿಗಿಂತ ಊಟ ಕಡಿಮೆಯಾದಾಗ.

ಊಟ ಎಷ್ಟು ಕಡಿಮೆ? ಅದಕ್ಕೂ ಮೊದಲು, ಈಗ ತಿನ್ನುತ್ತಿರುವುದು ಎಷ್ಟು? ಇಲ್ಲಿ ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಎಷ್ಟು ಕಡಿಮೆ ತಿಂದರೂ ತೂಕ ಇಳಿಯುತ್ತಿಲ್ಲ ಎನ್ನುವವರನ್ನು 1992ರಲ್ಲಿ ಅಮೆರಿಕದಲ್ಲಿ ಪರೀಕ್ಷಿಸಿದಾಗ ಅವರು ತಮ್ಮ ಊಟವನ್ನು ಸರಾಸರಿ 47 ಪ್ರತಿಶತ ಕಡಿಮೆ ಮಾಡಿ ಹೇಳಿದ್ದರು, ತಮ್ಮ ದೈಹಿಕ ಚಟುವಟಿಕೆಯನ್ನು 51 ಪ್ರತಿಶತ ಹೆಚ್ಚು ಮಾಡಿ ಹೇಳಿದ್ದರು. ಅವರಾರೂ ಸುಳ್ಳುಗಾರರಲ್ಲ. ಬಾಯಿಗೆ ಹಾಕಿಕೊಂಡದ್ದು ನೆನಪಿಗೆ ಹೋಗುವುದಿಲ್ಲ, ಮನುಷ್ಯರೆಲ್ಲರೂ ಹೀಗೆಯೇ. ಆದ್ದರಿಂದ ನಾನು ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದೆ.

"ರೀ, ಇದು ಅಡುಗೆಮನೆಯೋ ಔಷಧಿ ಅಂಗಡಿಯೋ?" ಎಂದು ಹೆಂಡತಿ ಕೇಳಿದಳು, ನಾನು ಕಡಲೆಬೀಜ ತೂಗುತ್ತಿದ್ದಾಗ.

"ಒಂದು ಹಿಡಿ ಎಂದರೆ ಎಷ್ಟು ಗ್ರಾಂ ಎಂದು ನಿನಗೆ ಗೊತ್ತೇ?"

"ಯಾರ ಹಿಡಿ?"

ಒಳ್ಳೆಯ ಪ್ರಶ್ನೆ. ನನ್ನ ಹಿಡಿ 45 ಗ್ರಾಂ ಇತ್ತು, ಅದರಲ್ಲಿ 250ಕ್ಕೂ ಹೆಚ್ಚು ಕ್ಯಾಲೊರಿ. ಪಿಷ್ಟ ಮತ್ತು ಪ್ರೊಟೀನಿನಲ್ಲಿ ಗ್ರಾಮಿಗೆ 4 ಕ್ಯಾಲೊರಿ, ಮದ್ಯದಲ್ಲಿ 7, ಕೊಬ್ಬಿನಲ್ಲಿ 9. ಶಾಲೆಯಲ್ಲಿ ಓದಿದ ಈ ಸಂಖ್ಯೆಗಳು ತಕ್ಕಡಿಯ ಮುಂದೆ ನಿಂತಾಗ ಮಾತ್ರ ಜೀವ ತಳೆಯುತ್ತವೆ. ಒಂದು ದೊಡ್ಡ ಚಮಚ ಎಣ್ಣೆ ಸುಮಾರು 14 ಗ್ರಾಂ, ಅಂದರೆ 120 ಕ್ಯಾಲೊರಿ. ಬಾಟಲಿಯನ್ನು ಬಾಣಲೆಯ ಮೇಲೆ ಬಗ್ಗಿಸಿ ಅಂದಾಜಿನಲ್ಲಿ ಸುರಿಯುವ ಮನೆಗಳಲ್ಲಿ ಒಬ್ಬೊಬ್ಬರ ಪಾಲಿಗೆ ದಿನಕ್ಕೆ ಇಂಥ ನಾಲ್ಕೈದು ಚಮಚ ಹೋಗುವುದು ಏನೇನೂ ಕಷ್ಟವಲ್ಲ. ನಮ್ಮದು ಅಂಥ ಮನೆಯೇ ಆಗಿತ್ತು. ತೂಗುವುದನ್ನು ಕೆಲವೇ ವಾರ ಮಾಡಿದೆ, ಕಣ್ಣಿಗೆ ಅಂದಾಜು ಕೂರುವವರೆಗೆ. ಅದಕ್ಕಿಂತ ಹೆಚ್ಚು ಕಾಲ ಮಾಡಿದರೆ ಊಟದ ಮೇಲಿನ ಪ್ರೀತಿಯೇ ಹೋಗುತ್ತದೆ ಎಂಬುದು ನನ್ನ ಅನಿಸಿಕೆ. ಊಟದೊಂದಿಗೆ ಮೊದಲೇ ಕಹಿ ಸಂಬಂಧ ಇರುವವರು, ಊಟ ಬಿಟ್ಟು ತಮ್ಮನ್ನು ತಾವೇ ದಂಡಿಸಿಕೊಳ್ಳುವ ಸ್ವಭಾವದವರು ಈ ತಕ್ಕಡಿಯ ಹತ್ತಿರವೂ ಸುಳಿಯಬಾರದು.

ಒಂದು ಕಿಲೋ ದೇಹದ ಕೊಬ್ಬಿನಲ್ಲಿ ಸುಮಾರು 7700 ಕ್ಯಾಲೊರಿ ಅಡಗಿರುತ್ತದೆ. ವಾರಕ್ಕೆ ಎರಡು ಕಿಲೋ ಕೊಬ್ಬು ಕರಗಿಸುತ್ತೇವೆ ಎನ್ನುವ ಜಾಹೀರಾತನ್ನು ಈ ಒಂದು ಸಂಖ್ಯೆಯಿಂದ ಗುಣಿಸಿ, ಏಳು ದಿನಕ್ಕೆ ಹಂಚಿ ನೋಡಿ: ದಿನಕ್ಕೆ 2200 ಕ್ಯಾಲೊರಿ ಕೊರತೆ ಬೇಕು. ನನ್ನಂಥ ಕುಳಿತು ಕೆಲಸ ಮಾಡುವವನ ಇಡೀ ದಿನದ ಖರ್ಚು ಸುಮಾರು 2000. ಅಂದರೆ ಉಪವಾಸ ಬಿದ್ದರೂ ಸಾಲದು. ನಾನು ದಿನಕ್ಕೆ 300ರಿಂದ 400 ಕ್ಯಾಲೊರಿಯ ಕೊರತೆಯನ್ನು ಗುರಿಯಾಗಿಟ್ಟುಕೊಂಡೆ. ತಿಂಗಳಿಗೆ ಒಂದು ಕಿಲೋ ಇಳಿದರೂ ಸಾಕು ಎಂದುಕೊಂಡೆ.

ಬಿಟ್ಟದ್ದು ಹೆಚ್ಚೇನಿಲ್ಲ. ಸಿಹಿ ಪಾನೀಯ ಮತ್ತು ಹಣ್ಣಿನ ರಸ ನಿಂತವು. ಹಣ್ಣನ್ನು ಹಣ್ಣಾಗಿಯೇ ತಿಂದೆ. ಕಾಫಿಯ ಸಕ್ಕರೆ ಮೊದಲು ಅರ್ಧವಾಯಿತು, ಆಮೇಲೆ ಇಲ್ಲವಾಯಿತು. ಒಂದು ತಿಂಗಳು ಅದು ಔಷಧಿಯಂತಿತ್ತು, ಈಗ ಸಕ್ಕರೆ ಹಾಕಿದ ಕಾಫಿಯೇ ಗಂಟಲಲ್ಲಿ ಇಳಿಯುವುದಿಲ್ಲ. ಎಣ್ಣೆಯನ್ನು ಚಮಚದಲ್ಲಿ ಅಳೆದು ಹಾಕುವ ಪದ್ಧತಿ ಬಂತು. ಪೊಟ್ಟಣದ ತಿಂಡಿಗಳನ್ನು ಮನೆಗೆ ತರುವುದನ್ನೇ ನಿಲ್ಲಿಸಿದೆವು. 2019ರಲ್ಲಿ ಅಮೆರಿಕದ ಸಂಶೋಧಕರು ಇಪ್ಪತ್ತು ಮಂದಿಯನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರವನ್ನೂ ಎರಡು ವಾರ ಸಾದಾ ಆಹಾರವನ್ನೂ ಕೊಟ್ಟಿದ್ದರು. ಬಡಿಸಿದ್ದರಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು, ನಾರು ಎಲ್ಲ ಸಮ. ಎಷ್ಟು ಬೇಕೋ ಅಷ್ಟು ತಿನ್ನಿ ಎಂದಿದ್ದರು. ಕಾರ್ಖಾನೆಯ ಆಹಾರ ಸಿಕ್ಕಾಗ ಅದೇ ಜನ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದು ಒಂದು ಕಿಲೋದಷ್ಟು ಏರಿದರು. ಎದುರಿಗೆ ಪೊಟ್ಟಣ ಇಟ್ಟುಕೊಂಡು ಸಂಯಮದ ಪರೀಕ್ಷೆ ಮಾಡಿಕೊಳ್ಳುವ ಶೌರ್ಯ ನನಗೆ ಬೇಕಿರಲಿಲ್ಲ, ಆದ್ದರಿಂದ ಪೊಟ್ಟಣವೇ ಇಲ್ಲದ ಮನೆಯನ್ನು ಆರಿಸಿಕೊಂಡೆ.

ಅನ್ನ ಬಿಡಲಿಲ್ಲ. ಅನ್ನ ಬಿಟ್ಟವರ ಮುಖದಲ್ಲಿನ ಸಿಡುಕನ್ನು ನಾನು ನೋಡಿದ್ದೇನೆ. ತಟ್ಟೆಯ ಅರ್ಧಭಾಗ ತರಕಾರಿ, ಕಾಲುಭಾಗ ಕಾಳು, ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲುಭಾಗ ಅನ್ನ ಅಥವಾ ರೊಟ್ಟಿ. ಅನ್ನ ತನ್ನಿಂದ ತಾನೇ ಕಡಿಮೆಯಾಯಿತು. ಪ್ರೊಟೀನಿನ ಬಗ್ಗೆ ಮಾತ್ರ ಹಟ ಹಿಡಿದೆ, ದಿನಕ್ಕೆ 90 ಗ್ರಾಮಿನ ಆಸುಪಾಸು. ಅದಕ್ಕೆ ಎರಡು ಕಾರಣ. ತಿಂದ ಪ್ರೊಟೀನನ್ನು ಅರಗಿಸುವುದಕ್ಕೇ ಅದರ ಶಕ್ತಿಯ 20ರಿಂದ 30 ಪ್ರತಿಶತ ಖರ್ಚಾಗುತ್ತದೆ, ಹೊಟ್ಟೆಯೂ ಹೆಚ್ಚು ಹೊತ್ತು ತುಂಬಿರುತ್ತದೆ. ಎರಡನೆಯದು, ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ನನ್ನ ಸಪೂರ ಕೈಕಾಲಿನಲ್ಲಿ ಕಳೆದುಕೊಳ್ಳಲು ಸ್ನಾಯುವೇ ಇರಲಿಲ್ಲ. ಮೊಟ್ಟೆಯೊಂದರಲ್ಲಿ 6 ಗ್ರಾಂ, ಒಂದು ಬಟ್ಟಲು ಬೆಂದ ಕಾಳಿನಲ್ಲಿ 14ರಿಂದ 16 ಗ್ರಾಂ. ಲೆಕ್ಕ ತುಂಬುವುದು ಸುಲಭವಲ್ಲ, ಬೆಳಗಿನ ತಿಂಡಿಯಿಂದಲೇ ಶುರು ಮಾಡದಿದ್ದರೆ ರಾತ್ರಿಯ ಹೊತ್ತಿಗೆ ಹಿಂದೆ ಬೀಳುತ್ತೇವೆ. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಪ್ರೊಟೀನ್ ಏರಿಸಬಾರದು.

ಹಸಿವಿನ ಬಗ್ಗೆ ಯಾರೂ ಸರಿಯಾಗಿ ಹೇಳುವುದಿಲ್ಲ. ಹಸಿವೇ ಆಗದಂತೆ ಹೊಟ್ಟೆ ಕರಗಿಸಿ ಎನ್ನುವ ಮಾತು ಮಾರಾಟದ ಮಾತು. ಹಸಿವಾಗುತ್ತದೆ. ನನಗೆ ಬೆಳಿಗ್ಗೆ ಏನೂ ಅನಿಸುತ್ತಿರಲಿಲ್ಲ, ಸಂಜೆ ಐದರಿಂದ ಏಳರ ನಡುವೆ ಜಗತ್ತಿನ ಮೇಲೆಯೇ ಕೋಪ ಬರುತ್ತಿತ್ತು. ಆ ಹೊತ್ತಿನಲ್ಲಿ ಒಂದು ಬಟ್ಟಲು ಮೊಸರಿಗೆ ಸೌತೆಕಾಯಿ ಹೆಚ್ಚಿ ಹಾಕಿ ತಿನ್ನತೊಡಗಿದ ಮೇಲೆ ಮನೆಯಲ್ಲಿ ಶಾಂತಿ ನೆಲೆಸಿತು. ರಾತ್ರಿ ಮಲಗುವಾಗ ಸ್ವಲ್ಪ ಹಸಿವು ಉಳಿದಿರುತ್ತಿತ್ತು. ಅದು ನೋವಲ್ಲ, ತುರ್ತೂ ಅಲ್ಲ. ಗಮನ ಬೇರೆಡೆ ಹೋದರೆ ಇಪ್ಪತ್ತು ನಿಮಿಷದಲ್ಲಿ ಅದೂ ಹೋಗುತ್ತದೆ. ಈ ಬಗೆಯ ಹಸಿವನ್ನು ಗುರುತಿಸಿ ಅದರ ಜೊತೆ ಕುಳಿತಿರಲು ಕಲಿತದ್ದು ಇಡೀ ಪ್ರಯತ್ನದಲ್ಲಿ ನನಗೆ ಅತಿ ಕಷ್ಟವಾದ ಭಾಗ, ವ್ಯಾಯಾಮ ಅದರ ಮುಂದೆ ಏನೇನೂ ಅಲ್ಲ.

ಮೊದಲ ವಾರ ತೂಕ ಒಂದೂವರೆ ಕಿಲೋ ಇಳಿಯಿತು. ಹೆಂಡತಿಗೆ ಸಂತೋಷ, ನನಗೆ ಸಂಶಯ. ಸ್ನಾಯು ಮತ್ತು ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಪಿಷ್ಟದ ಪ್ರತಿ ಗ್ರಾಮಿನ ಜೊತೆ ಸುಮಾರು 3 ಗ್ರಾಂ ನೀರು ಇರುತ್ತದೆ. ಊಟ ಕಡಿಮೆಯಾದ ಕೂಡಲೇ ಈ ಸಂಗ್ರಹ ಖಾಲಿಯಾಗಿ ನೀರು ಹೊರಹೋಗುತ್ತದೆ, ಯಂತ್ರದ ಮುಳ್ಳು ಧಡಕ್ಕನೆ ಇಳಿಯುತ್ತದೆ. 'ಏಳು ದಿನಗಳಲ್ಲಿ ಮೂರು ಕಿಲೋ' ಎಂಬ ಘೋಷಣೆಗಳೆಲ್ಲ ಬದುಕಿರುವುದು ಈ ನೀರಿನ ಮೇಲೆ. ಎರಡು ದಿನ ಹೊಟ್ಟೆತುಂಬ ಉಂಡರೆ, ಉಪ್ಪು ಹೆಚ್ಚಾದರೆ, ಅದೇ ನೀರು ಹಿಂದಕ್ಕೆ ಬರುತ್ತದೆ. ಅದಕ್ಕಾಗಿ ನಾನು ದಿನದಿನದ ತೂಕಕ್ಕೆ ಬೆಲೆ ಕೊಡದೆ ವಾರದ ಸರಾಸರಿಯನ್ನಷ್ಟೇ ಬರೆದಿಟ್ಟೆ. ಸುತ್ತಳತೆಯನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಶೌಚ ಮುಗಿಸಿ, ಏನೂ ತಿನ್ನದೆ ಅಳೆದೆ. ಅದರಲ್ಲೂ ಒಂದು ಸೆಂಟಿಮೀಟರ್ ಆಚೆ ಈಚೆ ಆಗುತ್ತಿತ್ತು. ಹೊಟ್ಟೆ ಉಬ್ಬರಿಸಿದ ದಿನ ಎರಡು.

ಮೂರನೆಯ ತಿಂಗಳ ಸುಮಾರಿಗೆ ತೂಕ ನಿಂತೇಬಿಟ್ಟಿತು. ಆ ಹೊತ್ತಿಗೆ ಅಳತೆ ಪಟ್ಟಿ ಮಾತ್ರ ಮೆಲ್ಲಗೆ ಕೆಳಗಿಳಿಯುತ್ತಿತ್ತು, 93, 92 ಎಂದು. ಯಂತ್ರವೊಂದನ್ನೇ ನಂಬಿದ್ದರೆ ಬಹುಶಃ ಅಲ್ಲಿಗೆ ಕೈಬಿಡುತ್ತಿದ್ದೆನೇನೋ. ಸ್ನಾಯು ಸ್ವಲ್ಪ ಸೇರುತ್ತಿತ್ತು, ಕೊಬ್ಬು ಅಷ್ಟೇ ಹೋಗುತ್ತಿತ್ತು, ಮೊತ್ತ ಹಾಗೆಯೇ ಇತ್ತು.

ಸ್ನಾಯು ಸೇರಲು ಕಾರಣ ದಂಡ ಬಸ್ಕಿ. ವಾರಕ್ಕೆ ಮೂರು ಬೆಳಿಗ್ಗೆ, ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚು. ಬಸ್ಕಿಯನ್ನು ಮೊದಲು ಕುರ್ಚಿಯ ಮೇಲೆ ಕುಳಿತು ಏಳುವುದರಿಂದ ಆರಂಭಿಸಿ ಆಮೇಲೆ ಎದೆಯ ಮುಂದೆ ಡಂಬೆಲ್ ಹಿಡಿದು ಮಾಡಿದೆ. ದಂಡವನ್ನು ಮೊದಲು ಗೋಡೆಗೆ, ಆಮೇಲೆ ಮೇಜಿಗೆ, ಕೊನೆಗೆ ನೆಲಕ್ಕೆ. ಬಗ್ಗಿ ನಿಂತು ಡಂಬೆಲನ್ನು ಸೊಂಟದತ್ತ ಎಳೆಯುವುದು ಬೆನ್ನಿಗೆ. ಕೊನೆಯ ಎರಡು ಸಲ ಮೇಲೇಳುವಾಗ ಕಷ್ಟವಾಗಬೇಕು, ಕಷ್ಟವಾಗುವುದು ನಿಂತ ಕೂಡಲೇ ಭಾರ ಅಥವಾ ಸಂಖ್ಯೆ ಏರಬೇಕು, ಇಷ್ಟೇ ನಿಯಮ. ಹೊಟ್ಟೆಯ ವ್ಯಾಯಾಮವೆಂದು ಮೊಣಕೈ ಊರಿ ನೇರವಾಗಿ ನಿಲ್ಲುವ ಪ್ಲ್ಯಾಂಕ್ ಒಂದನ್ನು ಉಳಿಸಿಕೊಂಡೆ. ಕೊಬ್ಬು ಕರಗುತ್ತದೆಂದಲ್ಲ. ಹೊಟ್ಟೆಯನ್ನು ಒಳಗಿನಿಂದ ಸುತ್ತಿ ಹಿಡಿಯುವ ಆಳದ ಸ್ನಾಯು ಸಡಿಲವಾಗಿದ್ದು, ಸೊಂಟ ಮುಂದಕ್ಕೆ ವಾಲಿದ್ದರೆ ಇರುವ ಹೊಟ್ಟೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ದಿನವಿಡೀ ಕುರ್ಚಿಯಲ್ಲಿರುವವರಿಗೆ ಇದು ಸಾಮಾನ್ಯ. ಪ್ಲ್ಯಾಂಕ್ ಅಭ್ಯಾಸವಾದ ಮೇಲೆ ನಿಲ್ಲುವ ಭಂಗಿ ಬದಲಾಯಿತು, ಬೆನ್ನುನೋವೂ ಕಡಿಮೆಯಾಯಿತು.

ಉಳಿದದ್ದು ನಡಿಗೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಸಂಖ್ಯೆ ಯಾವ ಪ್ರಯೋಗಾಲಯದಿಂದಲೂ ಬಂದದ್ದಲ್ಲ. 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ಇಟ್ಟ ಹೆಸರು. ಮುದ್ದಾದ ದುಂಡು ಸಂಖ್ಯೆ, ಅಷ್ಟೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮದ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ನಾನು ಫೋನಿನಲ್ಲಿ ಮಾತಾಡುವಾಗಲೆಲ್ಲ ನಡೆಯತೊಡಗಿದೆ, ರಾತ್ರಿ ಊಟದ ನಂತರ ನಡೆಯತೊಡಗಿದೆ. ವ್ಯಾಯಾಮವೆಂದು ಕರೆಸಿಕೊಳ್ಳದ ಇಂಥ ಓಡಾಟಕ್ಕೆ ಎಷ್ಟು ಬೆಲೆಯಿದೆ ಎಂದು ತಿಳಿದದ್ದು 1999ರ ಒಂದು ಪ್ರಯೋಗದ ಬಗ್ಗೆ ಓದಿದಾಗ. ಹದಿನಾರು ಮಂದಿಗೆ ಎಂಟು ವಾರ ದಿನವೂ 1000 ಕ್ಯಾಲೊರಿ ಹೆಚ್ಚುವರಿ ತಿನ್ನಿಸಿದ್ದರು. ಕೆಲವರು ತುಂಬ ದಪ್ಪಗಾದರು, ಕೆಲವರಿಗೆ ಕೊಬ್ಬು ಸೇರಲೇ ಇಲ್ಲ ಎನ್ನುವಷ್ಟು ಕಡಿಮೆ. ವ್ಯತ್ಯಾಸಕ್ಕೆ ಮುಖ್ಯ ಕಾರಣ ಏಳುವುದು, ಕೂರುವುದು, ಚಡಪಡಿಸುವುದು, ಓಡಾಡುವುದು. ಮನೆಯಲ್ಲಿ ಒಂದು ಕಡೆ ಕೂರದೆ ಸುತ್ತುತ್ತಿರುವ ನನ್ನ ಅಕ್ಕನ ಸಣ್ಣ ಸೊಂಟದ ಗುಟ್ಟು ಅಂದು ಬಯಲಾಯಿತು. "ನಿನಗೆ ಒಂದು ನಿಮಿಷವೂ ಕೂರಲು ಆಗುವುದಿಲ್ಲವೇ ಅಕ್ಕಾ" ಎಂದು ರೇಗುತ್ತಿದ್ದವನು ಈಗ ಅವಳ ಹಿಂದೆಯೇ ಸುತ್ತುತ್ತೇನೆ.

ನಿದ್ದೆಯನ್ನು ನಾನು ಇದರಲ್ಲಿ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ, 2010ರ ಒಂದು ಅಧ್ಯಯನ ಕಣ್ಣಿಗೆ ಬೀಳದಿದ್ದರೆ. ಒಂದೇ ಜನರಿಗೆ ಒಂದೇ ಅಳತೆಯ ಮಿತ ಊಟ. ಎರಡು ವಾರ ರಾತ್ರಿ ಎಂಟೂವರೆ ಗಂಟೆ ಹಾಸಿಗೆಯಲ್ಲಿ, ಎರಡು ವಾರ ಐದೂವರೆ ಗಂಟೆ. ಎರಡೂ ಸಲ ಇಳಿದ ತೂಕ ಹೆಚ್ಚುಕಡಿಮೆ ಒಂದೇ. ಆದರೆ ನಿದ್ದೆಗೆಟ್ಟಾಗ ಅದರಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತಲೂ ಕಡಿಮೆಯಾಗಿತ್ತು. ಹೋದದ್ದರಲ್ಲಿ ಹೆಚ್ಚಿನ ಪಾಲು ಸ್ನಾಯುವಿನಂಥ ಕೊಬ್ಬಲ್ಲದ ಭಾಗ. ಹಗಲೆಲ್ಲ ಹಸಿವು ತಡೆದು, ಬೆವರು ಸುರಿಸಿ, ರಾತ್ರಿ ಮೊಬೈಲ್ ನೋಡುತ್ತಾ ಅದನ್ನೆಲ್ಲ ನೀರಿಗೆ ಹಾಕುವುದು ನನಗೆ ಸಹಿಸದಾಯಿತು. ಮೊಬೈಲನ್ನು ಹಾಲ್‌ನಲ್ಲಿ ಬಿಟ್ಟು ಮಲಗುತ್ತೇನೆ.

ಆರು ತಿಂಗಳು ಕಳೆಯುವಷ್ಟರಲ್ಲಿ ಬದಲಾವಣೆ ಎಲ್ಲರಿಗೂ ಕಂಡಿತು, ಆದರೆ ಕಾಣಬೇಕಾದ ಕಡೆ ಅಲ್ಲ. ಕೆನ್ನೆ ಗುಳಿಬಿತ್ತು. ಕುತ್ತಿಗೆಯ ಮೂಳೆ ಎದ್ದು ಬಂತು. ಉಂಗುರ ಸಡಿಲವಾಯಿತು. ಮದುವೆಯೊಂದರಲ್ಲಿ ಹಿರಿಯರೊಬ್ಬರು ನನ್ನನ್ನು ಮೂಲೆಗೆ ಕರೆದು, "ಏನಪ್ಪಾ, ಆರೋಗ್ಯ ಸರಿಯಿದೆ ತಾನೇ? ಸಕ್ಕರೆ ಕಾಯಿಲೆ ಏನಾದರೂ ಬಂತೇ?" ಎಂದು ಕೇಳಿದರು. ಹೊಟ್ಟೆ ಮಾತ್ರ, ಮೊದಲಿನಷ್ಟಲ್ಲದಿದ್ದರೂ, ತನ್ನ ಜಾಗದಲ್ಲೇ ಇತ್ತು. ಯಾರ ದೇಹ ಯಾವ ಕಡೆಯಿಂದ ಮೊದಲು ಕೊಬ್ಬು ಬಿಟ್ಟುಕೊಡುತ್ತದೆ ಎಂಬುದನ್ನು ವಂಶವಾಹಿಗಳು, ಹಾರ್ಮೋನುಗಳು, ವಯಸ್ಸು ತೀರ್ಮಾನಿಸುತ್ತವೆ, ಅದರಲ್ಲಿ ನಮ್ಮ ಅರ್ಜಿಗೆ ಬೆಲೆಯಿಲ್ಲ. ಹೊಕ್ಕುಳಿನ ಕೆಳಗಿನ ಮಡಿಕೆ ಎಲ್ಲಕ್ಕಿಂತ ಕೊನೆಗೆ ಎಂದು ನನ್ನ ದೇಹ ನಿರ್ಧರಿಸಿಬಿಟ್ಟಿತ್ತು. ನಾನು ರಕ್ತಪರೀಕ್ಷೆಗೆ ಹೋದದ್ದು ಆ ದಿನಗಳಲ್ಲೇ. ಟ್ರೈಗ್ಲಿಸರೈಡ್ 138. ಕನ್ನಡಿಯಲ್ಲಿ ಹೊಟ್ಟೆ ಇನ್ನೂ ಇದ್ದಾಗಲೇ ಒಳಗಿನ ಲೆಕ್ಕ ಸರಿಹೋಗಿತ್ತು. ವೈದ್ಯೆ ವರದಿಯನ್ನು ಎರಡು ಸಲ ಓದಿ, "ಔಷಧಿಯ ಮಾತು ಬಿಡೋಣ" ಎಂದರು. ಸ್ಕ್ಯಾನ್ ಮಾತ್ರ ಇನ್ನೂ ಕೆಲವು ತಿಂಗಳು ಬಿಟ್ಟು ಮಾಡಿಸಲು ಹೇಳಿದರು. ಮಾಡಿಸಿದಾಗ ಯಕೃತ್ತಿನ ಸಾಲೂ ಹೋಗಿತ್ತು.

ಹತ್ತಿರಹತ್ತಿರ ಒಂದು ವರ್ಷಕ್ಕೆ ತೂಕ 64, ಸುತ್ತಳತೆ 86ಕ್ಕೆ ಬಂದು ನಿಂತಿದೆ. ಸೂತ್ರದ ಪ್ರಕಾರ ಇನ್ನೂ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು ಬಾಕಿ. ಹೊಕ್ಕುಳಿನ ಕೆಳಗಿನ ಮಡಿಕೆ ತೆಳುವಾಗಿದೆ, ಇಲ್ಲವಾಗಿಲ್ಲ. ಅದನ್ನು ಅಟ್ಟಿಸಿಕೊಂಡು ಇನ್ನಷ್ಟು ಊಟ ಬಿಡುವ ಆಸೆ ಬಂದಿತ್ತು. "ಇನ್ನೂ ಇಳಿದರೆ ನಿಮ್ಮನ್ನು ಹುಡುಕಬೇಕಾಗುತ್ತದೆ" ಎಂದು ಹೆಂಡತಿ ಹೇಳಿದ ಮೇಲೆ ಬಿಟ್ಟೆ. ಚರ್ಮದಡಿಯ ಆ ತೆಳು ಪದರದಿಂದ ನನ್ನ ಯಕೃತ್ತಿಗೆ ತೊಂದರೆಯಿಲ್ಲ. ಜಾಹೀರಾತುಗಳ ಆರು ಗಂಟಿನ ಸಿಕ್ಸ್ ಪ್ಯಾಕ್ ಹೊಟ್ಟೆ ನನ್ನ ವಯಸ್ಸಿಗೂ ಸ್ವಭಾವಕ್ಕೂ ಹೊಂದುವ ವಸ್ತುವಲ್ಲ.

ಈಗ ಕಾಯ್ದುಕೊಳ್ಳುವ ಕೆಲಸ. ಕೊಬ್ಬಿನ ಕೋಶಗಳು ಎಲ್ಲಿಯೂ ಹೋಗಿಲ್ಲ. ದೊಡ್ಡವರಾದ ಮೇಲೆ ಅವುಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರ ಎಂದು 2008ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಾರೆ. ತೂಕ ಇಳಿದಾಗ ಅವು ಕುಗ್ಗುತ್ತವೆ, ಸಾಯುವ ಕೋಶದ ಜಾಗಕ್ಕೆ ಹೊಸದು ಬಂದು ಕೂರುತ್ತದೆ. ಹಗುರವಾದ ದೇಹಕ್ಕೆ ಮೊದಲಿಗಿಂತ ದಿನಕ್ಕೆ ನೂರು ಕ್ಯಾಲೊರಿಯಷ್ಟು ಕಡಿಮೆ ಊಟ ಸಾಕು, ಹಸಿವು ಮಾತ್ರ ಹಳೆಯ ದೇಹದ್ದೇ. ಆದ್ದರಿಂದ ಕೊರತೆಯ ಊಟವನ್ನು ಒಮ್ಮೆಲೇ ಬಿಡದೆ, ಎರಡು ವಾರಕ್ಕೊಮ್ಮೆ ಅರ್ಧ ಬಟ್ಟಲು ಅನ್ನ, ಒಂದು ಹಣ್ಣು ಎಂದು ನಿಧಾನವಾಗಿ ಸೇರಿಸುತ್ತಾ ಬಂದೆ. ಹಬ್ಬದೂಟಕ್ಕೆ ಲೆಕ್ಕವಿಲ್ಲ, ಅದರ ಮರುದಿನಕ್ಕೆ ಇದೆ. ಅಳತೆ ಪಟ್ಟಿ ತಿಂಗಳಿಗೊಮ್ಮೆ ಹೊರಬರುತ್ತದೆ. 88 ದಾಟಿದರೆ ಎಣ್ಣೆಯ ಚಮಚ ಮತ್ತೆ ಚಿಕ್ಕದಾಗಬೇಕು ಎಂಬುದು ಮನೆಯವರೆಲ್ಲ ಒಪ್ಪಿದ ಕರಾರು. ದಂಡ ಬಸ್ಕಿ ಮುಂದುವರಿದಿದೆ. ಬಾಗಿಲ ಚೌಕಟ್ಟಿಗೆ ಕಬ್ಬಿಣದ ಸರಳೊಂದನ್ನು ಹಾಕಿಸಿ ಅದಕ್ಕೆ ಜೋತುಬಿದ್ದು ಗಲ್ಲವನ್ನು ಮೇಲಕ್ಕೆ ಒಯ್ಯಲು ಯತ್ನಿಸುತ್ತಿದ್ದೇನೆ. ಅರ್ಧ ನಿಮಿಷ ಜೋತುಬೀಳಲು ಬರುತ್ತದೆ, ಮೇಲೇರಲು ಇನ್ನೂ ಒಮ್ಮೆಯೂ ಆಗಿಲ್ಲ.